ಓದುಗರ ಪ್ರಶ್ನೆ, ನಮ್ಮ ಉತ್ತರ: ಪಡಸಾಲೆಗೆ ಬಂದ ನೆಟ್ ಒಳಕೋಣೆಗೆ ಏಕೆ ಬಾರದು?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆಯ ವೈ-ಫೈ ಕುರಿತಾಗಿಯೇ ಇದ್ದುದರಿಂದ, ಒಂದೇ ಬಗೆಯವುಗಳನ್ನು ಕೂಡಿಸಿ ಆರು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಎಲ್ಲದರಲ್ಲಿಯೂ ಒಂದು ಗೊಂದಲ ಕಾಣಿಸಿತು. ಬೀದಿಯ ಕಂಬದಿಂದ ಮನೆಯ ಪೆಟ್ಟಿಗೆಯವರೆಗೆ ಬರುವ ತಂತಿಯ ದಾರಿ ಒಂದು. ಆ ಪೆಟ್ಟಿಗೆಯಿಂದ ಕೈಯೊಳಗಿನ ಮೊಬೈಲಿಗೆ ಬರುವ ಗಾಳಿಯ ದಾರಿ ಇನ್ನೊಂದು. ಎರಡನ್ನೂ ‘ನೆಟ್’ ಎಂದೇ ಕರೆಯುವುದರಿಂದ, ಒಂದರ ರೋಗಕ್ಕೆ ಇನ್ನೊಂದಕ್ಕೆ ಮದ್ದು ಹಾಕುವುದು ನಡೆದೇ ಇದೆ.

ಪ್ರಶ್ನೆ: ನಮ್ಮದು ಜೋರಾಪುರ ಪೇಟೆಯಲ್ಲಿರುವ ಅಜ್ಜನ ಕಾಲದ ಮನೆ. ಕಲ್ಲು-ಮಣ್ಣಿನ ಗೋಡೆಗಳು ಎರಡು ಅಡಿಗೂ ಹೆಚ್ಚು ದಪ್ಪ. ಫೈಬರ್ ಜೋಡಿಸಲು ಬಂದವರು ತಲಬಾಗಿಲ ಪಕ್ಕದ ಮೀಟರ್ ಬೋರ್ಡಿನ ಮಗ್ಗುಲಲ್ಲೇ ಪೆಟ್ಟಿಗೆ ಹೊಡೆದು ಹೋದರು. ಪಡಸಾಲೆಯಲ್ಲಿ ಎಲ್ಲವೂ ಚೆನ್ನ. ಅಡುಗೆಮನೆ ದಾಟಿದರೆ ಒಂದೇ ಕಡ್ಡಿ. ಹಿತ್ತಲ ಕೋಣೆಯಲ್ಲಿ ಏನೂ ಇಲ್ಲ. ಅಂಗಡಿಯವರು ಆರು ಆಂಟೆನಾದ ರೂಟರ್ ಒಯ್ಯಿರಿ ಎನ್ನುತ್ತಾರೆ. ಕೊಳ್ಳಬಹುದೇ? (ನಿವೃತ್ತ ಶಿಕ್ಷಕರು, ವಿಜಯಪುರ)

ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ಆಂಟೆನಾಗಳ ಸಂಖ್ಯೆ ಹೆಚ್ಚಿದಂತೆ ದೂರವೂ ಅದೇ ಲೆಕ್ಕದಲ್ಲಿ ಹೆಚ್ಚುತ್ತದೆ ಎಂಬುದು ಅಂಗಡಿಯ ಗಣಿತ. ಪರವಾನಗಿ ಇಲ್ಲದೆ ಯಾರು ಬೇಕಾದರೂ ಬಳಸಬಹುದಾದ ಈ ತರಂಗಗಳಿಗೆ ಸರ್ಕಾರವೇ ಶಕ್ತಿಯ ಮಿತಿ ಹಾಕಿರುವುದರಿಂದ, ಎಷ್ಟು ಬೆಲೆ ಕೊಟ್ಟರೂ ರೂಟರು ಆ ಮಿತಿಯನ್ನು ಮೀರಿ ಕೂಗುವಂತಿಲ್ಲ. ಅದು ಕೂಗಿದರೂ ಸಾಲದು. ಮೊಬೈಲ್ ಉತ್ತರ ಕೊಡಬೇಕು, ಮತ್ತು ಸಣ್ಣ ಬ್ಯಾಟರಿಯ ಮೊಬೈಲಿನ ದನಿ ರೂಟರಿನ ದನಿಗಿಂತ ಕ್ಷೀಣ. ಕಡ್ಡಿ ಕಾಣಿಸುತ್ತದೆ, ಆದರೆ ಪುಟ ತೆರೆಯುವುದಿಲ್ಲ ಎಂದು ಹಲವರು ಬರೆಯುವುದಕ್ಕೆ ಎಷ್ಟೋ ಸಲ ಕಾರಣ ಇದೇ.

ನಿಮ್ಮ ಮನೆಯಲ್ಲಿ ತಪ್ಪಿರುವುದು ಪೆಟ್ಟಿಗೆಯ ಜಾಗ. ವೈ-ಫೈ ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ನಡೆಯುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿಯ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್ ಪಟ್ಟಿಯದು 5ರಿಂದ 6 ಸೆಂಟಿಮೀಟರ್. ಮೊದಲನೆಯದು ನಿಧಾನ, ಆದರೆ ಗೋಡೆಯನ್ನು ತಕ್ಕಮಟ್ಟಿಗೆ ದಾಟುತ್ತದೆ; ಎರಡನೆಯದು ಚುರುಕು, ಆದರೆ ಎರಡು ಅಡಿಯ ಕಲ್ಲುಗೋಡೆಯ ಮುಂದೆ ಬೇಗ ಸೋಲುತ್ತದೆ. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಹಿಡಿದರೆ ತಡೆ ಇನ್ನಷ್ಟು ಹೆಚ್ಚುತ್ತದೆ, ಏಕೆಂದರೆ ನೀರು ಈ ತರಂಗಗಳನ್ನು ಹೀರಿಕೊಳ್ಳುತ್ತದೆ. ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ: ತರಂಗವು ಗೋಡೆಯನ್ನು ನೇರವಾಗಿ ಅಡ್ಡಹಾಯ್ದರೆ ಅದಕ್ಕೆ ಎರಡು ಅಡಿ ಗೋಡೆ, ಓರೆಯಾಗಿ ಹಾಯ್ದರೆ ಅದೇ ಗೋಡೆ ಮೂರು ನಾಲ್ಕು ಅಡಿ ದಪ್ಪವಾಗುತ್ತದೆ. ತಲಬಾಗಿಲ ಮೂಲೆಯಲ್ಲಿ ಕುಳಿತ ಪೆಟ್ಟಿಗೆ ಹಿತ್ತಲ ಕೋಣೆಯನ್ನು ತಲುಪಬೇಕಾದರೆ ಪ್ರತಿ ಗೋಡೆಯನ್ನೂ ಓರೆಯಾಗಿಯೇ ದಾಟಬೇಕು. ಅದರ ಅರ್ಧ ಶಕ್ತಿ ಬೀದಿಗೆ ಹೋಗುತ್ತದೆ ಎಂಬುದು ಬೇರೆ ಮಾತು.

ಆದ್ದರಿಂದ ಹೀಗೆ ಮಾಡಿರಿ. ಮನೆಯ ನಡುಭಾಗದಲ್ಲಿ, ಒಂದಕ್ಕೊಂದು ಎದುರಾಗಿರುವ ಬಾಗಿಲುಗಳು ಕಾಣುವಂಥ ಜಾಗವನ್ನು ಹುಡುಕಿ, ಎದೆಮಟ್ಟಕ್ಕಿಂತ ಎತ್ತರದ ಗೂಡಿನ ಅಂಚಿನಲ್ಲಿ ರೂಟರನ್ನು, ಎಂದರೆ ವೈ-ಫೈ ಹಬ್ಬಿಸುವ ಆ ಪೆಟ್ಟಿಗೆಯನ್ನು, ಇಡಿರಿ. ಗೂಡಿನ ಆಳಕ್ಕೆ ತಳ್ಳಬೇಡಿ, ಅಲ್ಲಿ ಮೂರೂ ಕಡೆ ಕಲ್ಲೇ ಇರುತ್ತದೆ. ತಿಜೋರಿ, ಕಬ್ಬಿಣದ ಟ್ರಂಕು, ದೊಡ್ಡ ಕನ್ನಡಿ, ಕುಡಿಯುವ ನೀರಿನ ಸ್ಟೀಲ್ ಡ್ರಮ್ಮು, ಮೈಕ್ರೋವೇವ್ ಒಲೆ ಇವುಗಳಿಂದ ದೂರವಿರಲಿ. ಮೈಕ್ರೋವೇವ್ ಒಲೆ ಸುಮಾರು 2.45 ಗಿಗಾಹರ್ಟ್ಸ್‌ನಲ್ಲಿಯೇ ಕೆಲಸ ಮಾಡುವುದರಿಂದ, ಹಾಲು ಕಾಯುವಷ್ಟು ಹೊತ್ತು ಮಗ್ಗುಲಿನ ವೈ-ಫೈ ತಡವರಿಸುವುದುಂಟು. ನಾನೇ ಒಂದು ವರ್ಷ ರೂಟರನ್ನು ಪಾತ್ರೆಗಳ ಸ್ಟ್ಯಾಂಡಿನ ಹಿಂದೆ, ಕಣ್ಣಿಗೆ ಕಾಣದಿರಲಿ ಎಂದು ಇಟ್ಟುಕೊಂಡು, ಕಂಪನಿಯವರಿಗೆ ದೂರು ಕೊಡುತ್ತಿದ್ದೆ. ಆಂಟೆನಾ ನೆಟ್ಟಗಿದ್ದರೆ ತರಂಗಗಳು ಅದರ ಸುತ್ತ ಅಡ್ಡಡ್ಡ ಹರಡುತ್ತವೆ. ನೇರ ಮೇಲಕ್ಕೆ ಬಹಳ ಕಡಿಮೆ ಹೋಗುತ್ತವೆ. ಮಹಡಿಗೂ ಬೇಕೆಂದಿದ್ದರೆ ಒಂದು ಆಂಟೆನಾವನ್ನು ಮಲಗಿಸಿರಿ.

ಜಾಗ ಗೊತ್ತುಮಾಡಲು ಕಡ್ಡಿಗಳನ್ನು ನಂಬಬೇಡಿ. ವೈ-ಫೈ ಅಳೆಯುವ ಉಚಿತ ಆ್ಯಪ್‌ಗಳು ಮೈನಸ್ ಚಿಹ್ನೆಯ ಒಂದು ಅಂಕಿಯನ್ನು ತೋರಿಸುತ್ತವೆ. ಮೈನಸ್ 50 ಇದ್ದರೆ ಉತ್ತಮ, ಮೈನಸ್ 67ರವರೆಗೆ ವಿಡಿಯೋ ಕರೆ ಸಲೀಸು, ಮೈನಸ್ 80 ಎಂದರೆ ಹೆಸರು ಮಾತ್ರ ಕಾಣಿಸುತ್ತದೆ, ಕೆಲಸ ನಡೆಯುವುದಿಲ್ಲ. ಅಂಕಿ ಮೂರು ಕುಸಿದರೆ ಶಕ್ತಿ ಅರ್ಧಕ್ಕಿಳಿಯಿತೆಂದು ಲೆಕ್ಕ. ಹತ್ತು ಕುಸಿದರೆ ಹತ್ತರಲ್ಲಿ ಒಂದು ಪಾಲು. ರೂಟರನ್ನು ಒಂದು ಗೇಣು ಆಚೀಚೆ ಸರಿಸಿದರೂ ಅಂಕಿ ಬದಲಾಗುವುದನ್ನು ಕಂಡು ಬೆರಗಾಗಬೇಡಿ. ತರಂಗಗಳು ಗೋಡೆಗಳಿಗೆ ಬಡಿದು ಮರಳಿ, ಕೆಲವೆಡೆ ಒಂದನ್ನೊಂದು ಬಲಪಡಿಸುತ್ತವೆ, ಕೆಲವೆಡೆ ಒಂದನ್ನೊಂದು ಅಳಿಸುತ್ತವೆ. ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಪಿಸುಗುಟ್ಟಿದ್ದು ಸುಮಾರು 38 ಮೀಟರ್ ಆಚೆ ಸ್ಪಷ್ಟವಾಗಿ ಕೇಳುತ್ತದೆ, ಅದೇ ಶಾಲಾಮಕ್ಕಳೆಲ್ಲ ಒಟ್ಟಿಗೆ ಕೂಗಿದರೆ ಮಾರ್ದನಿಗಳು ಕಲಸಿ ಒಂದು ಮಾತೂ ತಿಳಿಯುವುದಿಲ್ಲ. ಊರಿನವರಾದ ನಿಮಗೆ ಇದನ್ನು ಹೇಳಬೇಕಿಲ್ಲ. ಹಳೆಯ ವೈ-ಫೈಗೆ ಇಂಥ ಮಾರ್ದನಿ ಶತ್ರುವಾಗಿತ್ತು. 2009ರಲ್ಲಿ ಅಂತಿಮಗೊಂಡ, ಈಗ ವೈ-ಫೈ 4 ಎಂದು ಕರೆಯುವ ಮಾನಕದಿಂದ ಮುಂದೆ, ಹಲವು ಆಂಟೆನಾಗಳು ಬೇರೆ ಬೇರೆ ಮಾರ್ದನಿಗಳನ್ನು ಬಿಡಿಸಿ ಕೇಳಿಕೊಂಡು ವೇಗವನ್ನು ಹೆಚ್ಚಿಸಿಕೊಳ್ಳುತ್ತವೆ. ಹೆಚ್ಚು ಆಂಟೆನಾಗಳಿಂದ ಆಗುವ ನಿಜವಾದ ಉಪಯೋಗ ಇದು.

ಪೆಟ್ಟಿಗೆಯನ್ನು ನಡುಮನೆಗೆ ತರಲು ಜೋಡಣೆಗಾರರನ್ನು ಕರೆಸಿ ಫೈಬರನ್ನೇ ಉದ್ದ ಮಾಡಿಸಬಹುದು. ಅದನ್ನು ಅಂಗೈ ಅಗಲದ ಸುತ್ತಿಗಿಂತ ಬಿಗಿಯಾಗಿ ಎಲ್ಲಿಯೂ ಮಡಿಸಬಾರದು, ಮೂಲೆಯಲ್ಲಿ ಮೊಳೆ ಹೊಡೆದು ಬಾಗಿಸಿದರೆ ಬೆಳಕು ಅಲ್ಲಿಯೇ ಸೋರಿಹೋಗುತ್ತದೆ. ನನ್ನ ಒಲವು ಮಾತ್ರ ಇನ್ನೊಂದು ಮಾರ್ಗದ ಕಡೆಗೆ. ಪೆಟ್ಟಿಗೆ ಬಾಗಿಲಲ್ಲಿಯೇ ಇರಲಿ. ಅಲ್ಲಿಂದ ಪೂರ್ತಿ ತಾಮ್ರದ, ‘ಕ್ಯಾಟ್ 5ಇ’ ಅಥವಾ ‘ಕ್ಯಾಟ್ 6’ ದರ್ಜೆಯ ನೆಟ್‌ವರ್ಕ್ ಕೇಬಲನ್ನು ಬಾಗಿಲ ಚೌಕಟ್ಟಿನ ಮೇಲಿಂದ ಅಥವಾ ಮಾಳಿಗೆಯ ಬೆಳಕಿಂಡಿಯ ಮೂಲಕ ಹಿತ್ತಲ ಕೋಣೆಗೆ ಎಳೆಸಿ, ಅಲ್ಲೊಂದು ಸಾಧಾರಣ ಬೆಲೆಯ ಎರಡನೆಯ ರೂಟರನ್ನು ಕೂರಿಸಿರಿ. ಈ ಕೇಬಲು 100 ಮೀಟರ್‌ವರೆಗೆ ವೇಗ ಕಳೆದುಕೊಳ್ಳದೆ ಒಯ್ಯುತ್ತದೆ, ಕಲ್ಲುಗೋಡೆಯ ಹಂಗು ಅದಕ್ಕಿಲ್ಲ. ರಿಪೀಟರ್ ಎಂಬ ಸಣ್ಣ ಸಾಧನ ಅಗ್ಗವೆಂದು ತರುವವರು, ಸಂಕೇತವೇ ಬಾರದ ಕೋಣೆಯಲ್ಲಿ ಅದನ್ನು ಸಿಕ್ಕಿಸಿ ಕೆಲಸ ಮಾಡುತ್ತಿಲ್ಲ ಎನ್ನುತ್ತಾರೆ. ತನಗೇ ಕೇಳಿಸದ್ದನ್ನು ಅದು ಮತ್ತೊಬ್ಬರಿಗೆ ಹೇಗೆ ಹೇಳೀತು? ನಡುವೆ ಇಟ್ಟರೂ, ಒಂದೇ ಪಟ್ಟಿಯಲ್ಲಿ ಕೇಳಿ ಅದೇ ಪಟ್ಟಿಯಲ್ಲಿ ಮರಳಿ ಹೇಳಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಪ್ರಶ್ನೆ: ಕಂಪನಿಯವರ ಪೆಟ್ಟಿಗೆಗೆ ಜೋಡಿಸಲು ಹೊಸ ರೂಟರ್ ಕೊಂಡೆ. ಜೋಡಿಸಿದರೆ ದೀಪಗಳೆಲ್ಲ ಹಸಿರು, ಆದರೂ ಇಂಟರ್ನೆಟ್ ಇಲ್ಲ. ಕ್ರಮವಾಗಿ ಹೇಗೆ ಜೋಡಿಸಬೇಕು? (ನವನಗರ, ಬಾಗಲಕೋಟೆ)

ಉತ್ತರ: ಇಂದು ಫೈಬರಿನ ಜೊತೆ ಬರುವ ಹೆಚ್ಚಿನ ಪೆಟ್ಟಿಗೆಗಳು ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದಷ್ಟೇ ಅಲ್ಲದೆ ತಾವೇ ರೂಟರಾಗಿಯೂ ಕೆಲಸ ಮಾಡುತ್ತವೆ, ಮನೆಯ ಪ್ರತಿ ಸಾಧನಕ್ಕೂ 192.168.1.5, 192.168.1.6 ಹೀಗೆ ಒಳವಿಳಾಸ ಹಂಚುತ್ತವೆ. ನೀವು ತಂದ ರೂಟರೂ ಅದೇ ಕೆಲಸಕ್ಕೆ ಹುಟ್ಟಿದ್ದು, ಅದರ ವಿಳಾಸವೂ 192.168.1.1 ಆಗಿದ್ದರೆ, ಒಂದೇ ಓಣಿಯಲ್ಲಿ ಒಂದೇ ಸಂಖ್ಯೆಯ ಎರಡು ಮನೆಗಳಾದಂತೆ. ಪತ್ರ ಯಾವ ಕಡೆಗೆ ಒಯ್ಯಬೇಕೆಂದು ತಿಳಿಯದೆ ಎಲ್ಲವೂ ನಿಂತುಬಿಡುತ್ತದೆ. ದೀಪಗಳು ಹಸಿರಾಗಿಯೇ ಇರುತ್ತವೆ, ಏಕೆಂದರೆ ತಂತಿ ಜೋಡಣೆಯಾಗಿದೆ ಎಂದಷ್ಟೇ ಅವು ಹೇಳಬಲ್ಲವು. ನಿಮ್ಮ ಪತ್ರದ ಲಕ್ಷಣಗಳಿಗೆ ಇದೇ ಹೆಚ್ಚು ಹೊಂದುತ್ತದೆ.

ಹೊಸ ರೂಟರನ್ನು ಕಂಪನಿಯ ಪೆಟ್ಟಿಗೆಯಿಂದ ಬಿಡಿಸಿ, ಬರೀ ಕಂಪ್ಯೂಟರಿಗೆ ಕೇಬಲಿನಿಂದ ಜೋಡಿಸಿ, ಅದರ ಅಡಿಯ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ಬರೆಯಿರಿ. ಬರುವ ಪುಟದಲ್ಲಿ ಮೊಟ್ಟಮೊದಲು ಆಡಳಿತದ ಪಾಸ್‌ವರ್ಡನ್ನು ಬದಲಿಸಿರಿ. ಇದು ವೈ-ಫೈ ಪಾಸ್‌ವರ್ಡಿಗಿಂತ ಬೇರೆ. ಅನಂತರ ‘ಆಪರೇಷನ್ ಮೋಡ್’ ಎಂಬಲ್ಲಿ ‘ಆಕ್ಸೆಸ್ ಪಾಯಿಂಟ್’ ಆಯ್ದುಕೊಂಡರೆ ಹೊಸ ರೂಟರು ವಿಳಾಸ ಹಂಚುವ ಹಿರಿತನವನ್ನು ಬಿಟ್ಟು, ವೈ-ಫೈ ಹಬ್ಬಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಆ ಆಯ್ಕೆ ಇಲ್ಲದ ಅಗ್ಗದ ರೂಟರಾದರೆ, ಅದರ ಸ್ವಂತ ವಿಳಾಸವನ್ನು 192.168.1.2 ಎಂದು ಬದಲಿಸಿ, ವಿಳಾಸ ಹಂಚುವ ‘ಡಿಎಚ್‌ಸಿಪಿ’ ಎಂಬುದನ್ನು ನಿಲ್ಲಿಸಿ, ಪೆಟ್ಟಿಗೆಯಿಂದ ಬರುವ ಕೇಬಲನ್ನು ‘ವ್ಯಾನ್’ ಎಂದು ಬರೆದಿರುವ ಬೇರೆ ಬಣ್ಣದ ಕಿಂಡಿಗೆ ಹಾಕದೆ ಉಳಿದ ‘ಲ್ಯಾನ್’ ಕಿಂಡಿಗಳಲ್ಲೊಂದಕ್ಕೆ ಹಾಕಿರಿ. ಈ ಕ್ರಮ ತಪ್ಪಬಾರದು: ಬದಲಾವಣೆ ಮೊದಲು, ಜೋಡಣೆ ಆಮೇಲೆ.

ಪೆಟ್ಟಿಗೆಯನ್ನೇ ‘ಬ್ರಿಡ್ಜ್’ ಮಾಡಿಸಿ, ರೂಟರಿನ ಕೆಲಸವನ್ನು ಪೂರ್ತಿಯಾಗಿ ಹೊಸದಕ್ಕೆ ವಹಿಸುವ ಮಾರ್ಗವೂ ಇದೆ. ಆಗ ಕಂಪನಿಯಿಂದ ಅವರ ಜಾಲದೊಳಗೆ ಪ್ರವೇಶಿಸಲು ಬೇಕಾದ ‘ಪಿಪಿಪಿಒಇ’ ಬಳಕೆದಾರ ಹೆಸರು, ಪಾಸ್‌ವರ್ಡು, ಕೆಲವೆಡೆ ಒಂದೇ ತಂತಿಯ ಬೇರೆ ಬೇರೆ ಸೇವೆಗಳನ್ನು ವಿಂಗಡಿಸುವ ‘ವಿಲ್ಯಾನ್’ ಸಂಖ್ಯೆ ಇಷ್ಟನ್ನೂ ಮೊದಲೇ ಬರೆಸಿಕೊಳ್ಳಬೇಕು. ಪೆಟ್ಟಿಗೆಗೆ ಮನೆಯ ದೂರವಾಣಿಯೂ ಜೋಡಿಸಿದ್ದರೆ ಅದು ಮೂಕವಾಗುವ ಸಂಭವವಿದೆ. ಬೇಡದ ಉಸಾಬರಿ, ಹೆಚ್ಚಿನ ಮನೆಗಳಿಗೆ ಮೊದಲ ಮಾರ್ಗವೇ ಸಾಕು. ನವನಗರದ ತೆಳು ಗೋಡೆಯ ಮನೆಗಳಲ್ಲಿ ಎರಡನೆಯ ರೂಟರೇ ಬೇಕಾಗದಿರಬಹುದು, ಹಿಂದಿನ ಉತ್ತರದಂತೆ ಒಮ್ಮೆ ಅಳೆದು ನೋಡಿರಿ.

ಪ್ರಶ್ನೆ: 100 ಎಂಬಿಪಿಎಸ್ ಯೋಜನೆಗೆ ಹಣ ಕಟ್ಟುತ್ತೇನೆ. ಮೊಬೈಲಿನಲ್ಲಿ ಅಳೆದರೆ ರೂಟರಿನ ಎದುರೇ ಕುಳಿತಾಗಲೂ 35 ಮೀರುವುದಿಲ್ಲ. ಇದು ಮೋಸವಲ್ಲವೇ? (ತಾಳಿಕೋಟೆ)

ಉತ್ತರ: ಇರಲಾರದು. 35 ಎಂಬ ಅಂಕಿಯೇ ಸುಳಿವು ಕೊಡುತ್ತದೆ. ನಿಮ್ಮ ಮೊಬೈಲು 2.4 ಗಿಗಾಹರ್ಟ್ಸ್ ಪಟ್ಟಿಗೆ ಅಂಟಿಕೊಂಡಿದೆ. ಆ ಪಟ್ಟಿಯಲ್ಲಿ, ವೈ-ಫೈ 4 ದರ್ಜೆಯಲ್ಲಿ, ಒಂದೇ ಆಂಟೆನಾದ ಮೊಬೈಲಿಗೆ 20 ಮೆಗಾಹರ್ಟ್ಸ್ ಅಗಲದ ಚಾನೆಲಿನಲ್ಲಿ (ಎಂದರೆ ಪಟ್ಟಿಯ ಒಂದು ತುಂಡಿನಲ್ಲಿ) ಸಿಗುವ ಗರಿಷ್ಠ ದರವೇ 72 ಎಂಬಿಪಿಎಸ್. ಗಾಳಿಯಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕಾದ್ದರಿಂದ, ಸರದಿ ಕಾಯುವುದು, ತಲುಪಿತೆಂದು ಒಪ್ಪಿಗೆ ಕಳಿಸುವುದು ಇವೆಲ್ಲ ಕಳೆದು ಕೈಗೆ ಸಿಗುವುದು ಅದರ ಅರ್ಧದ ಆಸುಪಾಸು. ಅದೇ ಮೊಬೈಲು 5 ಗಿಗಾಹರ್ಟ್ಸ್‌ನಲ್ಲಿ, 80 ಮೆಗಾಹರ್ಟ್ಸ್ ಅಗಲದಲ್ಲಿ, ವೈ-ಫೈ 5 ದರ್ಜೆಯಲ್ಲಿ ಕೂಡಿಕೊಂಡರೆ ದರ 433ಕ್ಕೆ ಏರುತ್ತದೆ. ನಿಮ್ಮ 100 ಪೂರ್ತಿಯಾಗಿ ಸಿಗಬೇಕು. ಎರಡು ಪಟ್ಟಿಗಳಿಗೂ ಬೇರೆ ಬೇರೆ ಹೆಸರು ಕೊಟ್ಟು, ರೂಟರಿರುವ ಕೋಣೆಯಲ್ಲಿ 5ರದನ್ನೂ ದೂರದ ಕೋಣೆಗಳಲ್ಲಿ 2.4ರದನ್ನೂ ಬಳಸಿ ನೋಡಿರಿ. 2.4ರಲ್ಲಿ ಚಾನೆಲ್ 1, 6, 11 ಇವು ಮೂರು ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ. ನೆರೆಮನೆಯವರು 6ರಲ್ಲಿದ್ದರೆ ನೀವು 1 ಅಥವಾ 11ಕ್ಕೆ ಸರಿಯಿರಿ. ಜಾಣತನವೆಂದು 3 ಅಥವಾ 4 ಆರಿಸಿದರೆ ಎರಡೂ ಕಡೆಯ ಗದ್ದಲ ನಿಮಗೇ.

ಕಂಪನಿಯವರೊಡನೆ ಜಗಳಕ್ಕಿಳಿಯುವ ಮೊದಲು ಕಂಪ್ಯೂಟರನ್ನು ಕೇಬಲಿನಿಂದ ಪೆಟ್ಟಿಗೆಗೆ ಜೋಡಿಸಿ ಅಳೆಯಿರಿ. ತಂತಿಯಲ್ಲಿ 95ರ ಆಸುಪಾಸು ಬಂದರೆ ಅವರ ಪಾಲಿನ ಕೆಲಸ ಆಗಿದೆ, ಉಳಿದದ್ದು ನಿಮ್ಮ ಮನೆಯ ಗಾಳಿಯ ಲೆಕ್ಕ. ತಂತಿಯಲ್ಲಿಯೂ 35 ಬಂದರೆ ಧಾರಾಳವಾಗಿ ದೂರು ಕೊಡಿರಿ. ಇದೇ ಊರಿನ ಇನ್ನೊಬ್ಬರು 200ರ ಯೋಜನೆಯಲ್ಲಿ ತಂತಿಯಿಂದಲೂ 94ಕ್ಕೇ ನಿಲ್ಲುತ್ತದೆ ಎಂದು ಬರೆದಿದ್ದಾರೆ. ಅವರ ಕಿಂಡಿ 100ರ ದರ್ಜೆಯದು, ಇಲ್ಲವೇ ಕೇಬಲಿನ ಎಂಟು ತಂತಿಗಳಲ್ಲೊಂದು ತುಂಡಾಗಿದೆ. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು, 100ಕ್ಕೆ ನಾಲ್ಕು ಸಾಕು. ಇನ್ನು, ಯೋಜನೆಯ ಎಂಬಿಪಿಎಸ್ ಎಂಬುದು ಬಿಟ್‌ಗಳ ಲೆಕ್ಕ, ಫೈಲ್ ಇಳಿಸುವಾಗ ಕಾಣುವ ‘12 ಎಂಬಿ’ ಎಂಬುದು ಬೈಟುಗಳ ಲೆಕ್ಕ; ಒಂದು ಬೈಟಿಗೆ ಎಂಟು ಬಿಟ್ ಆದ್ದರಿಂದ ಎಂಟರಿಂದ ಗುಣಿಸಿದರೆ 96 ಆಗುತ್ತದೆ.

ಪ್ರಶ್ನೆ: ವೈ-ಫೈಗೆ ಮನೆಯ ಹೆಸರನ್ನೇ ಕನ್ನಡದಲ್ಲಿ ‘ಶ್ರೀಗುರುಕೃಪಾ’ ಎಂದು ಇಡಲು ಹೋದರೆ ‘ಶ್ರೀಗುರುಕೃ’ ಎಂದು ಮೊಟಕಾಗಿ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಕನ್ನಡ ಬರುವುದಿಲ್ಲವೇ? (ಇಂಡಿ)

ಉತ್ತರ: ಬರುತ್ತದೆ, ಜಾಗ ಸಾಲದು. ವೈ-ಫೈ ಹೆಸರಿಗೆ ಮಾನಕವು ಕೊಟ್ಟಿರುವ ಜಾಗ 32 ಬೈಟು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕಾದರೆ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು. ಅದೂ ಅಕ್ಷರ, ಅರ್ಧಾಕ್ಷರದ ಗುರುತು, ಕೊಂಬು, ದೀರ್ಘ ಎಲ್ಲವೂ ಬೇರೆ ಬೇರೆ ಲೆಕ್ಕ. ‘ಶ್ರೀ’ ಒಂದಕ್ಕೇ ನಾಲ್ಕು ಚಿಹ್ನೆ, 12 ಬೈಟು. ನಿಮ್ಮ ಮನೆಯ ಹೆಸರಿನಲ್ಲಿ ಹನ್ನೆರಡು ಚಿಹ್ನೆಗಳಿದ್ದು 36 ಬೈಟು ಆಗುವುದರಿಂದ ಹತ್ತನೆಯದರ ಬಳಿಕ ಹರಿಯಿತು. ‘ಗುರುಕೃಪಾ’ ಎಂದಷ್ಟೇ ಇಟ್ಟರೆ 24 ಬೈಟಿನಲ್ಲಿ ಮುಗಿಯುತ್ತದೆ. ಶ್ರೀಕಾರವನ್ನು ಬಾಗಿಲ ಫಲಕದಲ್ಲಿ ಉಳಿಸಿಕೊಳ್ಳಿರಿ.

ಪ್ರಶ್ನೆ: ಮಹಡಿಯ ಕೋಣೆಗಳನ್ನು ವಿದ್ಯಾರ್ಥಿಗಳಿಗೆ ಬಾಡಿಗೆ ಕೊಟ್ಟಿದ್ದೇವೆ. ಒಬ್ಬರಿಗೆ ಹೇಳಿದ ಪಾಸ್‌ವರ್ಡ್ ಓಣಿಗೆಲ್ಲ ತಿಳಿದಿದೆ. ಹೆಸರನ್ನು ಅಡಗಿಸಿಟ್ಟರೆ ಸಾಕೇ? (ಟಿಳಕವಾಡಿ, ಬೆಳಗಾವಿ)

ಉತ್ತರ: ಸಾಲದು. ಅಡಗಿಸಿದ ಹೆಸರನ್ನು ಹುಡುಕಿ ತೆಗೆಯುವ ಆ್ಯಪ್‌ಗಳಿವೆ, ತೊಂದರೆಯಾಗುವುದು ನಿಮ್ಮ ಮನೆಯವರಿಗೇ. ಸಾಧನಗಳ ಪಟ್ಟಿ ಮಾಡಿ ಉಳಿದವರನ್ನು ತಡೆಯುವುದೂ ಈಗ ಉಪಯೋಗವಿಲ್ಲ. ಹೊಸ ಮೊಬೈಲುಗಳು ತಮ್ಮ ಗುರುತಿನ ಸಂಖ್ಯೆಯನ್ನು ಬದಲಿಸಿಕೊಂಡೇ ಬರುತ್ತವೆ. ಭದ್ರತೆಯ ವಿಧಾನ ಎಂಬಲ್ಲಿ 2018ರಲ್ಲಿ ಬಂದ ‘ಡಬ್ಲ್ಯೂಪಿಎ3’ ಇದ್ದರೆ ಅದನ್ನು, ಇಲ್ಲವಾದರೆ 2004ರ ‘ಡಬ್ಲ್ಯೂಪಿಎ2’ ಆರಿಸಿರಿ. ‘ಡಬ್ಲ್ಯೂಇಪಿ’ ಎಂಬುದು 2001ರಲ್ಲಿಯೇ ಮುರಿದುಬಿದ್ದ ಬೀಗ. ಗುಂಡಿ ಒತ್ತಿ ಜೋಡಿಸುವ ‘ಡಬ್ಲ್ಯೂಪಿಎಸ್’ ಸೌಲಭ್ಯದ ಪಿನ್ ಅನ್ನೂ ನಿಲ್ಲಿಸಿಬಿಡಿ. ಎಂಟಂಕಿಯ ಆ ಪಿನ್ನಿಗೆ ಕೋಟಿಗಟ್ಟಲೆ ಸಾಧ್ಯತೆಗಳಿವೆ ಎಂದು ತೋರಿದರೂ, ರೂಟರು ಅದನ್ನು ಎರಡು ತುಂಡು ಮಾಡಿ ಪರಿಶೀಲಿಸುವುದರಿಂದ, ಕೊನೆಯ ಅಂಕಿ ಬರೀ ತಾಳೆಗಾಗಿ ಇರುವುದರಿಂದ, 11,000 ಪ್ರಯತ್ನಗಳೊಳಗೆ ಸಿಕ್ಕಿಬೀಳುತ್ತದೆಂಬುದು 2011ರಲ್ಲಿ ಬಯಲಾಯಿತು.

ಬಾಡಿಗೆದಾರರಿಗೆ ‘ಗೆಸ್ಟ್ ನೆಟ್‌ವರ್ಕ್’ ಎಂಬ ಬೇರೆ ಹೆಸರನ್ನು ತೆರೆದು, ಅದರ ಪಾಸ್‌ವರ್ಡನ್ನು ಬಾಡಿಗೆಯ ತಾರೀಖಿಗೊಮ್ಮೆ ಬದಲಿಸಿರಿ. ಆ ಹೆಸರಿನಿಂದ ಬಂದವರು ನಿಮ್ಮ ಕಂಪ್ಯೂಟರು, ಪ್ರಿಂಟರುಗಳನ್ನು ಮುಟ್ಟಲಾರರು. ಮನೆಯವರ ಪಾಸ್‌ವರ್ಡು ಬೇರೆಯೇ ಇರಲಿ. ಅದಕ್ಕೆ 8ರಿಂದ 63 ಅಕ್ಷರಗಳ ಅವಕಾಶವಿದ್ದು, ಗೊಜಲು ಚಿಹ್ನೆಗಳಿಗಿಂತ ಉದ್ದವೇ ಹೆಚ್ಚು ಬಲ: ಹಗೇವು, ಜಾಲಿ, ಮಂಡಿಗೆ, ಕೊಡೆ ಇಂಥ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸಾಲಾಗಿ ಬರೆದರೆ ಅಜ್ಜಿಗೂ ನೆನಪಿರುತ್ತದೆ. ಅಚ್ಚಾಗಿರುವ ಈ ನಾಲ್ಕನ್ನು ಮಾತ್ರ ಇಡಬೇಡಿ. ಸಂಪರ್ಕವು ನಿಮ್ಮ ಹೆಸರಿನಲ್ಲಿದೆ. ಅದರಲ್ಲಿ ಯಾರು ಏನು ಮಾಡಿದರೂ ವಿಚಾರಿಸಲು ಬರುವವರು ಮೊದಲು ನಿಮ್ಮ ಬಾಗಿಲನ್ನೇ ತಟ್ಟುತ್ತಾರೆ.

ಪ್ರಶ್ನೆ: ಕರೆಂಟ್ ಹೋದಾಗಲೂ ಮಗಳ ಆನ್‌ಲೈನ್ ಪಾಠ ನಿಲ್ಲದಂತೆ ಸಣ್ಣ ಯುಪಿಎಸ್ ಕೊಳ್ಳಬೇಕೆಂದಿದ್ದೇನೆ. ಸಿಡಿಲಿನ ಭಯವೂ ಇದೆ. (ಸಿಂದಗಿ)

ಉತ್ತರ: ಕೊಳ್ಳಿರಿ, ಆದರೆ ಲೆಕ್ಕ ಹಾಕಿ ಕೊಳ್ಳಿರಿ. ಹೆಚ್ಚಿನ ರೂಟರುಗಳ ಅಡಾಪ್ಟರ್ 12 ವೋಲ್ಟಿನದು. ಯುಪಿಎಸ್‌ನ ವೋಲ್ಟು ಅಡಾಪ್ಟರಿನ ಮೇಲೆ ಬರೆದಷ್ಟೇ ಇರಬೇಕು, ಆಂಪಿಯರು ಅಷ್ಟು ಅಥವಾ ಅದಕ್ಕಿಂತ ಹೆಚ್ಚಿರಬೇಕು. ಫೈಬರ್ ಪೆಟ್ಟಿಗೆಯೂ ರೂಟರೂ ಬೇರೆಬೇರೆಯಾಗಿದ್ದರೆ ಎರಡಕ್ಕೂ ವಿದ್ಯುತ್ ಬೇಕು. ರೂಟರಿಗಷ್ಟೇ ಜೋಡಿಸಿದರೆ ವೈ-ಫೈ ಹೆಸರು ಕಾಣುತ್ತದೆ, ಪಾಠ ಮಾತ್ರ ನಿಲ್ಲುತ್ತದೆ. ‘10,000 ಎಂಎಎಚ್’ ಎಂಬ ದೊಡ್ಡ ಅಂಕಿಗೆ ಮರುಳಾಗಬೇಡಿ. ಅದು ಸಾಮಾನ್ಯವಾಗಿ 3.7 ವೋಲ್ಟಿನ ಕೋಶದ ಲೆಕ್ಕ, ಅಂದರೆ 37 ವ್ಯಾಟ್-ಗಂಟೆ. ಎರಡೂ ಪೆಟ್ಟಿಗೆ ಸೇರಿ 12 ವ್ಯಾಟ್ ಬಳಸಿದರೆ, ನಡುವಿನ ನಷ್ಟ ಕಳೆದು, ಎರಡೂವರೆ ಗಂಟೆ ನಡೆದೀತು.

ಸಿಡಿಲಿನ ಮಾತಿಗೆ ಬಂದರೆ, ಫೈಬರಿನ ಗಾಜಿನ ಎಳೆ ವಿದ್ಯುತ್ತನ್ನು ಹರಿಸುವುದಿಲ್ಲ. ಆದರೆ ಅದನ್ನು ಹೊತ್ತು ತರುವ ಕೇಬಲಿನಲ್ಲಿ ಆಧಾರಕ್ಕೆಂದು ಉಕ್ಕಿನ ತಂತಿ ಇರುವುದುಂಟು, ವಿದ್ಯುತ್ ಸಾಲಿನ ದಾರಿಯಂತೂ ಇದ್ದೇ ಇದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗಾಳಿ-ಗುಡುಗಿನ ಮಳೆ ಏಳುವಾಗ ಸ್ವಿಚ್ ಆರಿಸಿದರಷ್ಟೇ ಸಾಲದು, ಗುಡುಗು ಹತ್ತಿರವಾಗುವ ಮೊದಲೇ ಪ್ಲಗ್ಗನ್ನು ಕಿತ್ತು, ಕಂಪ್ಯೂಟರಿಗೆ ಹೋಗುವ ಕೇಬಲನ್ನೂ ಬಿಡಿಸಿಡಿ. ಮಳೆ ನಿಂತ ಮೇಲೆ ಮೊದಲು ಫೈಬರ್ ಪೆಟ್ಟಿಗೆಯನ್ನು ಹಚ್ಚಿ, ಅದರ ದೀಪಗಳು ಮಿನುಗುವುದನ್ನು ನಿಲ್ಲಿಸಿ ಸ್ಥಿರವಾಗುವವರೆಗೆ ಎರಡು ಮೂರು ನಿಮಿಷ ಕಾದು, ಆಮೇಲೆ ರೂಟರನ್ನು ಹಚ್ಚಿರಿ. ‘ಎಲ್‌ಒಎಸ್’ ಎಂಬ ದೀಪ ಕೆಂಪಾಗಿ ಮಿನುಗುತ್ತಿದ್ದರೆ ಬೀದಿಯಿಂದ ಬರಬೇಕಾದ ಬೆಳಕೇ ಪೆಟ್ಟಿಗೆಯನ್ನು ತಲುಪುತ್ತಿಲ್ಲ ಎಂದರ್ಥ. ಆಗ ರೀಸೆಟ್ ಗುಂಡಿಯನ್ನು ಒತ್ತಲು ಹೋಗಬೇಡಿ. ಇದ್ದ ಸೆಟ್ಟಿಂಗುಗಳೂ ಅಳಿಸಿಹೋಗಿ, ಕೇಬಲ್ ದುರಸ್ತಿಗೆ ಬಂದವರಿಗೆ ಎರಡು ಕೆಲಸವಾಗುತ್ತದೆ.